ಚಿಗರಿಗೆ ಯಾವ ಬಂದೂಕು?

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಕಡೆ ಒಂದು ವಾದ ಈಚೆಗೆ ನನ್ನ ಕಿವಿಗೆ ಮೇಲಿಂದ ಮೇಲೆ ಬೀಳುತ್ತಿದೆ. ಚಿಗರಿಯ ಹಿಂಡುಗಳೂ ಹಂದಿಯ ಹಿಂಡುಗಳೂ ರೈತನ ಬೆಳೆಯನ್ನು ತಿಂದು ಹಾಳುಗೆಡವುತ್ತಿವೆ. ಆದಕಾರಣ ಸರ್ಕಾರ ಬೇಟೆಗೆ ಅಪ್ಪಣೆ ಕೊಡಲಿ, ಹಣವುಳ್ಳ ಷೋಕಿದಾರರು ಬಂದು ಹೊಡೆಯಲಿ, ಅವರು ತೆತ್ತ ಶುಲ್ಕ ರೈತನಿಗೆ ಸೇರಲಿ ಎಂಬುದೇ ಆ ವಾದ. ಇದನ್ನು ಹೂಡುವವರು ಪೇಟೆಯ ವಿದ್ಯಾವಂತರು, ನನ್ನ ಪರಿಚಯದವರೇ. ಮಾತು ಹತ್ತು ನಿಮಿಷ ನಡೆಯುವಷ್ಟರಲ್ಲಿ ಬೆಳೆ ಮರೆತುಹೋಗಿ ಬಂದೂಕು ಮುಂದೆ ಬರುತ್ತದೆ. ಚಿಗರಿಗೆ ಯಾವ ರೈಫಲು, ಹಂದಿಗೆ ಯಾವುದು, ಎರಡಕ್ಕೂ ಒಂದೇ ಸಾಲದೆ ಎಂದು ಚರ್ಚೆ ಬಿಸಿಯೇರುತ್ತದೆ. ರೈತನ ಸಂಕಟ ಇವರಿಗೆ ಕೇವಲ ಪೀಠಿಕೆಯೇನೋ ಎಂಬ ಸಂಶಯ ನನ್ನದು.

ಇರಲಿ; ಅವರ ಪ್ರಶ್ನೆಗೇ ಮೊದಲು ಉತ್ತರ ಹುಡುಕೋಣ. ಪ್ರಾಣಿಯ ತೂಕಕ್ಕೂ ಗುಂಡಿನ ಬಲಕ್ಕೂ ಸಂಬಂಧವಿರಬೇಕೆಂಬುದು ಬೇಟೆಯ ಮೊದಲ ಪಾಠ. ಗಂಡು ಚಿಗರಿ ಸುಮಾರು 35ರಿಂದ 40 ಕಿಲೋ ತೂಗುವ ಪ್ರಾಣಿ. ಬಲಿತ ಹಂದಿ ನೂರು ಕಿಲೋ ಮೀರುವುದುಂಟು. ಸಣ್ಣ ಗುಂಡು ಹಂದಿಯನ್ನು ಕೊಲ್ಲದೆ ಗಾಯಗೊಳಿಸಿ ಬಿಡುತ್ತದೆ. ಗಾಯಗೊಂಡ ಹಂದಿ ಮರುದಿನ ಕಳೆ ಕೀಳಲು ಬಂದ ಹೆಂಗಸಿನ ಮೇಲೆ ಬೀಳುತ್ತದೆ. ಜಿಮ್ ಕಾರ್ಬೆಟ್ಟನ ಕೈಯಲ್ಲಿದ್ದುದು .275 ರಿಗ್ಬಿ. ತೇಜಸ್ವಿಯವರು ಕನ್ನಡಕ್ಕೆ ತಂದ ಕಾಡಿನ ಕತೆಗಳ ಕೆನೆತ್ ಆಂಡರ್ಸನ್ನನದು .405 ವಿಂಚೆಸ್ಟರ್. ಎಲ್ಲ ಬಗೆಯ ದೊಡ್ಡ ಮೃಗಗಳಿಗೂ ಒಂದೇ ಸಾಕೆನ್ನುವವರು 1912ರಲ್ಲಿ ಬಂದ .375 ಮ್ಯಾಗ್ನಂ ಅನ್ನು ಹೊಗಳುತ್ತಾರೆ. ಈ ಅಂಕೆಗಳು ಅಂಗುಲದ ಲೆಕ್ಕದಲ್ಲಿ ನಳಿಗೆಯ ಅಥವಾ ಗುಂಡಿನ ಅಡ್ಡಳತೆ, ಅಷ್ಟೆ. ನಮ್ಮ ದೇಶದಲ್ಲಿ .303ರಂಥ ಸೈನ್ಯದ ಅಳತೆಗಳು ನಾಗರಿಕರಿಗೆ ನಿಷಿದ್ಧ. ಆದ್ದರಿಂದಲೇ ಸರ್ಕಾರಿ ಕಾರ್ಖಾನೆ ಷೋಕಿಯ ಬೇಟೆಗೆಂದು .315 ರೈಫಲನ್ನು ತಯಾರಿಸಿತು. ಚಿಗರಿಗೂ ಹಂದಿಗೂ ಅದು ಸಾಕು ಎಂದು ನನ್ನ ಪರಿಚಿತರು ತೀರ್ಪು ಕೊಡುತ್ತಾರೆ.

ಸಾಕಾದೀತು. ಆದರೆ ಗುಂಡು ತಾಗದೆ ಹೋದರೆ? ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ರೈಫಲಿನ ನಳಿಗೆಯೊಳಗೆ ಸುರುಳಿಗೆರೆಗಳಿವೆ. ಗುಂಡು ಬುಗುರಿಯಂತೆ ತಿರುಗುತ್ತ ನೇರವಾಗಿ ಬಹುದೂರ ಹೋಗಲೆಂದೇ ಅವನ್ನು ಕೊರೆದಿರುವುದು. ಹುಡುಗರ ಆಟಿಗೆಯೆಂದು ಕೆಲವರು ಕರೆಯುವ .22ರ ಗುಂಡೂ ಒಂದೂವರೆ ಮೈಲಿ ಹೋಗಬಲ್ಲುದು; .30-06ರಂಥ ದೊಡ್ಡ ರೈಫಲಿನದು ಮೂರು ಮೈಲಿ, ಎಂದರೆ ಸುಮಾರು ಐದು ಕಿಲೋಮೀಟರು. ಮಲೆನಾಡಿನಲ್ಲಿ ತಪ್ಪಿದ ಗುಂಡನ್ನು ನುಂಗಲು ಗುಡ್ಡವಿದೆ, ಮರವಿದೆ. ರಾಣೇಬೆನ್ನೂರಿನ ಎರೆಯ ಬಯಲಿನಲ್ಲಿ ಏನಿದೆ? ಎದೆಮಟ್ಟದ ಗೋವಿನಜೋಳ, ಅದರ ಆಚೆ ನೀರು ಹಾಯಿಸುವ ರೈತ, ಅವನ ಆಚೆ ಕುರಿ ಹಿಂಡು, ಅದರ ಆಚೆ ಶಾಲೆಯ ಮಕ್ಕಳು ನಡೆಯುವ ದಾರಿ. ಐದು ಕಿಲೋಮೀಟರಿನೊಳಗೆ ಊರಿಲ್ಲದ ಬಯಲು ನಮ್ಮ ಮೂರು ತಾಲ್ಲೂಕುಗಳಲ್ಲಿ ಎಲ್ಲಿದೆಯೆಂದು ಈ ಮಹನೀಯರು ತೋರಿಸಲಿ.

ಟೆಕ್ಸಾಸಿನಲ್ಲಿ ನಡೆಯುತ್ತಿಲ್ಲವೆ ಎಂದು ಅವರು ಮರುಪ್ರಶ್ನೆ ಹಾಕುತ್ತಾರೆ. ನಡೆಯುತ್ತಿರುವುದು ನಿಜ. ನಮ್ಮ ಚಿಗರಿಯನ್ನು 1932ರಲ್ಲಿ ಅಲ್ಲಿಗೆ ಒಯ್ದು ಬಿಟ್ಟರು. ಈಗ ಅದು ಹಣ ಕೊಟ್ಟು ಹೊಡೆಯುವ ಬೇಟೆಯ ಪ್ರಾಣಿ. ಆದರೆ ಅಲ್ಲಿ ಒಬ್ಬೊಬ್ಬ ಒಡೆಯನಿಗೆ ಸಾವಿರಾರು ಎಕರೆ. ಬೇಟೆಗಾರ, ಬೇಲಿ, ಪ್ರಾಣಿ, ಹಣ ಎಲ್ಲವೂ ಆ ಒಬ್ಬನ ಹೊಲದೊಳಗೇ. ಇಲ್ಲಿ ನಾಲ್ಕೆಕರೆ ಒಬ್ಬನದು, ಎರಡೆಕರೆ ಇನ್ನೊಬ್ಬನದು. ಚಿಗರಿ ತಿಂದದ್ದು ಒಬ್ಬನ ಮೊಳಕೆ, ಬಿದ್ದದ್ದು ಮತ್ತೊಬ್ಬನ ಬದುವಿನಲ್ಲಿ; ಶುಲ್ಕ ಯಾರಿಗೆ? ಕಿರಾತಾರ್ಜುನರು ಒಂದೇ ಹಂದಿಗೆ ಎರಡು ಬಾಣ ಬಿಟ್ಟು ಜಗಳವಾಡಿದ ಕತೆ ನಮ್ಮ ಹಳ್ಳಿಹಳ್ಳಿಗೂ ಗೊತ್ತು. ಆ ಜಗಳ ಪಾಶುಪತದಲ್ಲಿ ಮುಗಿಯಿತು. ನಮ್ಮದು ಕೋರ್ಟಿನಲ್ಲಿ ಮುಗಿದೀತು.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಚಿಗರಿ ಇದೆ. ಮನುಷ್ಯನ ಪ್ರಾಣಕ್ಕೆ ಅಪಾಯ ತಂದರೆ, ಅಥವಾ ಗುಣವಾಗದ ರೋಗ ಇಲ್ಲವೆ ಗಾಯವಾದರೆ ಮಾತ್ರ ಅದನ್ನು ಕೊಲ್ಲಲು ಅಪ್ಪಣೆ ಸಿಕ್ಕೀತು. ಬೆಳೆಹಾನಿ ಅದಕ್ಕೆ ಕಾರಣವಾಗದು. ತಪ್ಪಿದರೆ ಕನಿಷ್ಠ ಮೂರು ವರ್ಷ ಸೆರೆ. ಹಂದಿಯ ಸ್ಥಿತಿ ಬೇರೆ: 2022ರ ತಿದ್ದುಪಡಿ ಅದನ್ನು ಎರಡನೆಯ ಅನುಸೂಚಿಗೆ ಸೇರಿಸಿದೆ, ನಿಂತ ಬೆಳೆಗೆ ಹಾನಿಯಾದರೆ ಅಧಿಕಾರಿ ಲಿಖಿತ ಅಪ್ಪಣೆ ಕೊಡಬಹುದು. ಕೇರಳ 2022ರಲ್ಲಿ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೇ ವಹಿಸಿಕೊಟ್ಟಿತು. ಹಾಗಿರುವಾಗ ಎರಡು ಪ್ರಾಣಿಗಳನ್ನೂ ಒಂದೇ ಚೀಲಕ್ಕೆ ತುಂಬಿ ಒಂದೇ ರೈಫಲಿನ ಮಾತಾಡುವುದು ಅಜ್ಞಾನ.

ರೈತನ ಕೈಗೆ ಕಾನೂನು ಕೊಡುವ ಆಯುಧವಾದರೂ ಯಾವುದು? 1959ರ ಶಸ್ತ್ರ ಕಾಯ್ದೆ ಬೆಳೆ ಕಾಯಲು ಮದ್ದು ಜಡಿಯುವ ಕೋವಿಯನ್ನೂ, ಆತ್ಮರಕ್ಷಣೆಗೆ ನಯನಳಿಗೆಯ ಕೋವಿಯನ್ನೂ ಹೆಸರಿಸುತ್ತದೆ. ಇದರಲ್ಲಿ ವಿವೇಕವಿದೆ. ಹನ್ನೆರಡು ಬೋರಿನ ಕೋವಿಯ ಚರೆಗಳು ನಲವತ್ತು ಐವತ್ತು ಗಜದಾಚೆ ಚೆದುರಿ ಬಲಗುಂದುತ್ತವೆ. ಹೊಡೆಯುವವನಿಗೆ ತಾನು ಏನನ್ನು ಹೊಡೆಯುತ್ತಿದ್ದೇನೆಂಬುದು ಕಣ್ಣಿಗೆ ಕಾಣುತ್ತದೆ. ಹಂದಿಯ ಪೀಡೆಗೆ ಅಪ್ಪಣೆ ಪಡೆದು ಪಳಗಿದವನೊಬ್ಬ ಅಟ್ಟಣೆಯ ಮೇಲೆ ಕುಳಿತು, ಸಮೀಪಕ್ಕೆ ಬಂದದ್ದನ್ನು ಕೆಳಮುಖವಾಗಿ ಹೊಡೆಯಲಿ. ಗುಂಡು ಮಣ್ಣಿಗೇ ಹೋಗುತ್ತದೆ. ನಮ್ಮ ಬಯಲಿಗೆ ತಕ್ಕ ಬಂದೂಕಿನ ಆಯ್ಕೆ ಇಷ್ಟೇ. ಇದರಲ್ಲಿ ಷೋಕಿ ಇಲ್ಲ, ಫೋಟೋಗೆ ತಕ್ಕ ಕೋಡೂ ಇಲ್ಲ. ಅದಕ್ಕೇ ನನ್ನ ಪರಿಚಿತರಿಗೆ ಇದು ರುಚಿಸುವುದಿಲ್ಲ.

ಕನ್ನಡ ಪಾಠ ಹೇಳುವವನಿಗೆ ಇಲ್ಲಿ ರಾಘವಾಂಕ ನೆನಪಾಗದೆ ಇರಲಾರ. ಹರಿಶ್ಚಂದ್ರ ಬೇಟೆಗೆ ಹೊರಟದ್ದು ಷೋಕಿಗಲ್ಲ. ಕಾಡುಮೃಗಗಳು ಬೆಳೆ ತಿಂದವೆಂದು ಪ್ರಜೆಗಳು ಮೊರೆಯಿಟ್ಟಾಗ. ಆದರೆ ಆ ಮೃಗಗಳನ್ನು ಹುಟ್ಟಿಸಿದವನು ವಿಶ್ವಾಮಿತ್ರ. ರಾಜ ಮೃಗಗಳ ಬೆನ್ನು ಹತ್ತಿದನೇ ಹೊರತು ಅವು ಎಲ್ಲಿಂದ ಬಂದವೆಂದು ವಿಚಾರಿಸಲಿಲ್ಲ. ಬೇಟೆ ಮುಗಿದರೂ ಕೇಡು ಮುಗಿಯಲಿಲ್ಲ, ರಾಜ್ಯವೇ ಹೋಯಿತು. ನಮ್ಮ ಚಿಗರಿಗಳನ್ನು ಹೊಲಕ್ಕೆ ಅಟ್ಟಿದ ವಿಶ್ವಾಮಿತ್ರ ಯಾರು? 1974ರಲ್ಲಿ 119 ಚದರ ಕಿಲೋಮೀಟರು ನೆಲವನ್ನು ರಾಣೇಬೆನ್ನೂರಿನ ಅಭಯಾರಣ್ಯವೆಂದು ಸಾರಲಾಯಿತು. ಚಿಗರಿ ಹುಲ್ಲುಗಾವಲಿನ ಪ್ರಾಣಿ; ದೂರಕ್ಕೆ ಕಣ್ಣು ಹಾಯಬೇಕು, ಓಡಲು ಬಯಲು ಬೇಕು, ಮೇಯಲು ಹುಲ್ಲು ಬೇಕು. ನಾವು ಅದರ ಹೆಸರಿನ ನೆಲದಲ್ಲಿ ಬೆಳೆಸಿದ್ದು ಸಾಲುಸಾಲು ನೀಲಗಿರಿ. ಅದರ ಎಲೆಯನ್ನು ಚಿಗರಿ ತಿನ್ನುವುದಿಲ್ಲ. ಅದರ ಕೆಳಗೆ ಹುಲ್ಲು ಸರಿಯಾಗಿ ಬೆಳೆಯುವುದಿಲ್ಲ. ಬಯಲನ್ನೇ ನಂಬಿದ್ದ ಎರೆಭೂತ ಪಕ್ಷಿ ಇಲ್ಲಿಂದ ಕಾಣೆಯಾಯಿತು. ಚಿಗರಿ ಕಾಣೆಯಾಗಲಿಲ್ಲ, ಪಕ್ಕದ ಹೊಲಕ್ಕೆ ಬಂದಿತು. ಬಯಲೂ ಅಲ್ಲಿದೆ, ಎಳೆಯ ಪೈರೂ ಅಲ್ಲಿದೆ. ಹಸಿದ ಪ್ರಾಣಿಗೆ ಇದಕ್ಕಿಂತ ಬೇರೆ ಬುದ್ಧಿ ಬರಬೇಕಾಗಿತ್ತೆ?

ಮೇಷ್ಟರಿಗೆ ಜಿಂಕೆಯ ಕಣ್ಣಿನ ಮೇಲೆ ಕಾವ್ಯಮೋಹ ಎಂದು ಹಂಗಿಸುವವರಿದ್ದಾರೆ. ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ತರುವ ರೈತನಿಗೆ ದಯೆಯ ಉಪದೇಶ ಮಾಡುವ ಅಧಿಕಾರ ಸಂಬಳ ಎಣಿಸುವ ನನಗೆ ಇಲ್ಲ. ನಾನು ಮಾಡುತ್ತಲೂ ಇಲ್ಲ. ರಾತ್ರಿಯೆಲ್ಲ ಡಬ್ಬಿ ಬಡಿದು ಹೊಲ ಕಾಯ್ದವನ ಸಿಟ್ಟು ನ್ಯಾಯವಾದದ್ದು. ಆದರೆ ಕೊಂದು ಮುಗಿಸುವ ದಾರಿಯನ್ನು ಬಿಹಾರ ಪ್ರಯೋಗಿಸಿ ನೋಡಿದೆ. 2016ರಲ್ಲಿ ಮೊಕಾಮಾದ ಬಯಲಿನಲ್ಲಿ ಹೊರಗಿನ ಗುರಿಕಾರರನ್ನು ಕರೆಸಿ 200ಕ್ಕೂ ಹೆಚ್ಚು ನೀಲಗಾಯಿಗಳನ್ನು ಹೊಡೆಸಿದರು. ಮುಂದಿನ ವರ್ಷಗಳಲ್ಲಿಯೂ ಅಲ್ಲಿ ಗುರಿಕಾರರನ್ನು ಕರೆಯುವುದು ತಪ್ಪಲಿಲ್ಲ.

ಆದ್ದರಿಂದ ಕೇಳಬೇಕಾದುದನ್ನು ಕೇಳೋಣ. ಅಭಯಾರಣ್ಯದ ನೀಲಗಿರಿಯನ್ನು ಹಂತಹಂತವಾಗಿ ತೆಗೆದು ಹುಲ್ಲಿಗೆ ನೆಲ ಬಿಟ್ಟುಕೊಡಲಿ. ಬೆಳೆಹಾನಿಯ ಪರಿಹಾರ ಮುಂದಿನ ಬಿತ್ತನೆಗೆ ಮೊದಲೇ ರೈತನ ಕೈ ಸೇರಲಿ. ಅಂಚಿನ ಹೊಲಗಳಿಗೆ ಬೇಲಿಯ ವೆಚ್ಚವನ್ನು ಸರ್ಕಾರ ಹೊರಲಿ. ಇಲ್ಲವಾದರೆ ರೈತ ಕಳ್ಳತನದಲ್ಲಿ ವಿದ್ಯುತ್ ತಂತಿ ಎಳೆಯುತ್ತಾನೆ, ಅದಕ್ಕೆ ಹಂದಿಯೂ ಮನುಷ್ಯನೂ ಒಂದೇ. ಹಂದಿಯ ಅಪ್ಪಣೆ ತಿಂಗಳುಗಟ್ಟಲೆ ಕಚೇರಿಯಲ್ಲಿ ಮಲಗದಿರಲಿ. ಇವುಗಳಲ್ಲಿ ಒಂದಕ್ಕಾದರೂ ನನ್ನ ಪರಿಚಿತರು ಅರ್ಜಿ ಬರೆದುಕೊಡಲಿ, ನಾನೂ ಸಹಿ ಹಾಕುತ್ತೇನೆ. ಅಲ್ಲಿಯವರೆಗೆ .315ರ ಗುಣಗಾನವನ್ನು ರೈತನ ಹೆಸರಿನಲ್ಲಿ ಮಾಡದಿದ್ದರೆ ಅದೇ ಅವರು ರೈತನಿಗೆ ಮಾಡುವ ಉಪಕಾರ.