ಉಳಿಸಿದ ಕೈಯ ನೆನಪು

ಯುದ್ಧದಲ್ಲಿ ಮಡಿದವನಿಗೆ ವೀರಗಲ್ಲು ನೆಟ್ಟ ನಾಡು ನಮ್ಮದು. ನವಲಗುಂದ, ಅಣ್ಣಿಗೇರಿಗಳ ಕಡೆಗೆ ತುರುಗಳಿಗಾಗಿ, ಊರಿಗಾಗಿ ಪ್ರಾಣಕೊಟ್ಟವರನ್ನು ಕುರಿತು ಜನ ಇಂದಿಗೂ ಹೆಮ್ಮೆಯಿಂದ ಮಾತಾಡುವರು. ಆದರೆ ಗಾಯಗೊಂಡವನ ಮಗ್ಗುಲಲ್ಲಿ ಕುಳಿತು ಅವನನ್ನು ಬದುಕಿಸಿದ ವೈದ್ಯನಿಗೆ ಕಲ್ಲು ನೆಟ್ಟುದನ್ನು ನಾನು ಕಂಡಿಲ್ಲ. ಈ ಮರೆವು ಹಳೆಯ ಕಾಲದೊಡನೆ ಮುಗಿದಿಲ್ಲವೆಂಬುದಕ್ಕೆ ಬೆಂಗಳೂರಿನ ಒಂದು ಘಟನೆಯೇ ಸಾಕ್ಷಿ.

1982ರ ಜುಲೈ ಕೊನೆಯ ವಾರದಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ ಎಂಬ ಹಿಂದಿ ಚಿತ್ರದ ಹೊಡೆದಾಟದ ದೃಶ್ಯವನ್ನು ತೆಗೆಯುತ್ತಿದ್ದಾಗ ನಟ ಅಮಿತಾಭ್ ಬಚ್ಚನ್ ಅವರ ಹೊಟ್ಟೆಗೆ ಪೆಟ್ಟು ಬಿದ್ದಿತು. ಹೊರಗೆ ಹೇಳಿಕೊಳ್ಳುವಂಥ ಗಾಯವಿರಲಿಲ್ಲ. ಒಳಗೆ ಸಣ್ಣಕರುಳು ಹರಿದಿತ್ತು. ಸೇಂಟ್ ಫಿಲೋಮಿನಾ ಆಸ್ಪತ್ರೆಯಲ್ಲಿ ಅವರನ್ನು ಪರೀಕ್ಷಿಸಿದ ವೆಲ್ಲೂರಿನ ಹೆಸರಾಂತ ಶಸ್ತ್ರವೈದ್ಯ ಡಾ. ಎಚ್. ಎಸ್. ಭಟ್ ಅವರು ಇನ್ನು ತಡಮಾಡುವದು ಸಲ್ಲದೆಂದು ಅರಿತರು. ಶಸ್ತ್ರಕ್ರಿಯೆ ನಡೆಯಿತು. ಮುಂದೆ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಹಲವು ವಾರ ಸಾವಿನೊಡನೆ ಸೆಣಸಿ, ನಟರು ಸೆಪ್ಟೆಂಬರದಲ್ಲಿ ಮನೆಗೆ ಮರಳಿದರು.

1983ರಲ್ಲಿ ಚಿತ್ರ ಹೊರಬಂದಾಗ, ಪೆಟ್ಟು ಬಿದ್ದ ಆ ಕ್ಷಣದಲ್ಲಿ ಚಲನೆಯನ್ನು ನಿಲ್ಲಿಸಿ ಪ್ರೇಕ್ಷಕರಿಗೆ ತೋರಿಸಲಾಯಿತು. ಹೊಡೆತದ ಕ್ಷಣ ಹೀಗೆ ಜನಮನದಲ್ಲಿ ಉಳಿಯಿತು. ರೋಗಿಯ ಹಾಸಿಗೆಯ ಬಳಿ ನಿಂತು ವೈದ್ಯರೊಬ್ಬರು ನಿರ್ಣಯ ಕೈಕೊಂಡ ಕ್ಷಣವನ್ನು ಯಾವ ಕ್ಯಾಮರಾವೂ ಹಿಡಿಯಲಿಲ್ಲ.

ಶಸ್ತ್ರವೈದ್ಯನ ಹಿರಿಮೆಯನ್ನು ನಾವು ಅವನ ಕತ್ತಿಯಲ್ಲಿ ಕಾಣುತ್ತೇವೆ. ಅದು ಅರ್ಧ ಸತ್ಯ. ಕರುಳು ಹರಿದರೆ ಅದರೊಳಗಿನ ಮಲಿನ ದ್ರವ್ಯ ಉದರದಲ್ಲೆಲ್ಲ ಹರಡಿ ನಂಜೇರುತ್ತದೆ. ಒಂದೊಂದು ಗಳಿಗೆ ಕಳೆದಂತೆ ಬದುಕುವ ಆಸೆ ಕ್ಷೀಣಿಸುತ್ತದೆ. ಹೊಟ್ಟೆ ಬಿಗಿದುದನ್ನು ಕೈಯಿಂದ ಮುಟ್ಟಿ ತಿಳಿದು, ನಾಡಿಯ ವೇಗವನ್ನು ಎಣಿಸಿ, ಕ್ಷ-ಕಿರಣದ ಚಿತ್ರವನ್ನು ಮತ್ತೊಮ್ಮೆ ನೋಡಿ, ‘ಈಗಲೇ’ ಎಂದು ಹೇಳುವ ಎದೆಗಾರಿಕೆ ಬೇಕು. ತಪ್ಪಿದರೆ ಲೋಕವೆಲ್ಲ ನಿಂದಿಸುವದೆಂದು ಬಲ್ಲವನಿಗೆ ಆ ಮಾತು ಸುಲಭವಲ್ಲ.

ಪ್ರಸಿದ್ಧ ನಟನಿಗಾದರೆ ದೊಡ್ಡ ವೈದ್ಯರು ಬರುತ್ತಾರೆ, ನಮ್ಮ ಪಾಡೇನು ಎಂದು ಹಳ್ಳಿಯವರು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಎತ್ತು ಒದ್ದ ಒಕ್ಕಲಿಗನ ಕರುಳೂ, ಟ್ರ್ಯಾಕ್ಟರಿನಿಂದ ಬಿದ್ದ ಕೂಲಿಯವನ ಕರುಳೂ ಅದೇ ರೀತಿಯಾಗಿ ಹರಿಯುತ್ತವೆ. ರಕ್ತ ಕಾಣದ್ದರಿಂದ ಮನೆಯವರು ಅವನನ್ನು ಮಲಗಿಸಿ, ಬೆಳಗಾಗಲೆಂದು ಕಾಯುತ್ತಾರೆ. 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಮೆಡಿಕಲ್ ಕಾಲೇಜು ನವಲಗುಂದಕ್ಕೆ ಸುಮಾರು 35 ಕಿಲೋಮೀಟರು. ಮಳೆಗಾಲದ ಎರೆಯ ಹಾದಿಯಲ್ಲಿ, ರಾತ್ರಿಯ ಹೊತ್ತು, ಅದು ಬಹು ದೂರ. ಆದುದರಿಂದ ಮೊದಲು ನೋಡುವ ಕಣ್ಣು ತಾಲೂಕಿನಲ್ಲಿಯೇ ಇರಬೇಕು.

ತಾಲೂಕಿನ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನ ಕುರ್ಚಿ ಬರಿದಾದ ದಿನ ಊರು ದನಿಯೆತ್ತಬೇಕು. ಅಲ್ಲಿಗೆ ಬಂದು ನಿಂತವನನ್ನು ಊರು ತನ್ನವನೆಂದು ಕಾಪಾಡಿಕೊಳ್ಳಬೇಕು. ನಮ್ಮ ಕತೆಗಾರರೂ ಕವಿಗಳೂ ಅವನತ್ತ ಒಮ್ಮೆ ತಿರುಗಿ ನೋಡಲಿ. ಡಾ. ಭಟ್ ಅವರಂಥವರಿಗೆ ಕಲ್ಲು ನೆಡದಿದ್ದರೂ ಚಿಂತೆಯಿಲ್ಲ. ಅವರು ಮಾಡಿದ ಕೆಲಸ ನಮ್ಮ ಹಳ್ಳಿಗಳಲ್ಲಿ ನಡೆಯುವಂತಾದರೆ ಸಾಕು.