ಕೆಚ್ಚಲು ಬಾವು ಮತ್ತು ಮದ್ದಿಗೆ ಮಣಿಯದ ರೋಗಾಣು

ತುಮಕೂರಿನ ನನ್ನ ಚಿಕಿತ್ಸಾಲಯಕ್ಕೆ ಕುರು, ಕೀವುಗುಳ್ಳೆಗಳೊಂದಿಗೆ ಬರುವ ಗುಬ್ಬಿ, ಕುಣಿಗಲ್ ಕಡೆಯ ರೈತರನ್ನು ಕೊಟ್ಟಿಗೆಯ ವಿಷಯವನ್ನೂ ವಿಚಾರಿಸುತ್ತೇನೆ. ಹಸುವಿಗೆ ಕೆಚ್ಚಲು ಬಾವು ಬಂದಾಗ ಅಂಗಡಿಯಿಂದ ತಾವೇ ಆಂಟಿಬಯಾಟಿಕ್ ತಂದು, ಬಾವು ಇಳಿದೊಡನೆ ನಿಲ್ಲಿಸಿದವರು ಅವರಲ್ಲಿ ಅನೇಕರು.

ಕುರುವಿಗೂ ಕೆಚ್ಚಲು ಬಾವಿಗೂ ಸ್ಟ್ಯಾಫಿಲೊಕಾಕಸ್ ಔರಿಯಸ್ ಎಂಬ ಸೂಕ್ಷ್ಮಾಣು ಕಾರಣವಾಗಬಲ್ಲದು. ಹೆಸರೊಂದೇ, ವಂಶಗಳು ಹಲವು. ಕೆಲವು ಮನುಷ್ಯನಿಗೆ, ಕೆಲವು ರಾಸುಗಳಿಗೆ ಒಗ್ಗಿಕೊಂಡಿವೆ. ಇನ್ನು ಕೆಲವು ಹಾಲು ಕರೆಯುವ ಕೈಯಿಂದ ಕೆಚ್ಚಲಿಗೆ, ಕೆಚ್ಚಲಿನಿಂದ ಕೈಗೆ ದಾಟುತ್ತವೆ. ಮೆಥಿಸಿಲಿನ್ ಬಳಕೆಗೆ ಬಂದದ್ದು 1959ರಲ್ಲಿ. ಅದಕ್ಕೆ ಮಣಿಯದ ತಳಿ ಬ್ರಿಟನ್ನಿನಲ್ಲಿ ವರದಿಯಾದದ್ದು 1961ರಲ್ಲಿ! ಅಂಥದೇ ಪ್ರತಿರೋಧ ನೀಡುವ ಮತ್ತೊಂದು ವಂಶವಾಹಿಯನ್ನು 2011ರಲ್ಲಿ ಅಲ್ಲಿನ ಹಸುಗಳ ಹಾಲಿನಲ್ಲಿಯೂ ರೋಗಿಗಳಲ್ಲಿಯೂ ದೊರೆತ ರೋಗಾಣುಗಳಲ್ಲಿ ಗುರುತಿಸಲಾಯಿತು.

ಆಯುರ್ವೇದ ಓದಿದ ನಾನು ಆಂಟಿಬಯಾಟಿಕ್‌ನ ವೈರಿಯಲ್ಲ. ಅರಿಸಿನದ ಲೇಪ ಅದಕ್ಕೆ ಬದಲಿಯೆಂದೂ ಹೇಳಲಾರೆ. ಜೀವ ಉಳಿಸುವ ಮದ್ದಾದುದರಿಂದಲೇ ಅದರ ಬಲವನ್ನು ನಾವು ಕಾಯ್ದುಕೊಳ್ಳಬೇಕು. ಪಶುವೈದ್ಯರು ಹಾಲನ್ನು ಪರೀಕ್ಷಿಸಿ ಸೂಚಿಸಿದ ಮದ್ದನ್ನೇ, ಸೂಚಿಸಿದಷ್ಟು ದಿನವೂ ಕೊಡಿರಿ. ಅವರು ಒಪ್ಪುವವರೆಗೆ, ನಷ್ಟವಾದರೂ ಸರಿಯೆ, ಆ ಹಾಲನ್ನು ಡೇರಿಗೆ ಹಾಕಬೇಡಿರಿ. ಕಾಯಿಸಿದರೆ ರೋಗಾಣು ಸತ್ತೀತು, ಮದ್ದಿನ ಅಂಶ ಪೂರ್ತಿ ಹೋಗದು. ಕೈಯಲ್ಲಿ ಕುರು, ಗಾಯ ಇರುವವರು ಹಾಲು ಕರೆಯದಿರಲಿ. ಬಾವು ಬಂದ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆದು, ಕೈಗಳನ್ನು ಸೋಪು ಹಚ್ಚಿ ತೊಳೆಯಿರಿ.