ಹಂದಿಯ ಬೇಟೆ: ಹೊಸಬನಿಗೆ ನಾಲ್ಕು ಮಾತು

ಅಮೆರಿಕದ ಕಾಡುಹಂದಿ ಆ ನಾಡಿನ ಮೂಲಮೃಗವಲ್ಲ. 1539ರಲ್ಲಿ ಸ್ಪೇನಿನ ದಂಡನಾಯಕ ಡಿ ಸೋಟೋ ಫ್ಲಾರಿಡಕ್ಕೆ ತಂದವೇ ಮೊದಲಾದ ಸಾಕುಹಂದಿಗಳು ಕಾಡುಪಾಲಾಗಿ ಬೆಳೆದ ಸಂತತಿ ಬಹುಮಟ್ಟಿಗೆ ಅದು. ಒಂದೇ ಇರುಳಿನಲ್ಲಿ ಪೈರನ್ನೆಲ್ಲ ಅಗೆದು ಹಾಳುಗೆಡಹುವುದರಿಂದ, ಟೆಕ್ಸಾಸಿನಲ್ಲಿ ಹೊಲದೊಡೆಯನ ಒಪ್ಪಿಗೆ ಪಡೆದವನು 2019ರಿಂದ ಲೈಸೆನ್ಸಿಲ್ಲದೆಯೂ ಅದನ್ನು ಬೇಟೆಯಾಡಬಹುದು.

ಮೊದಲ ಸಲ ಹೊರಡುವವನು ನೆನಪಿಡತಕ್ಕ ಸಂಗತಿಗಳಿವು. ಹಂದಿಗೆ ಕಣ್ಣು ಮಂದ, ಮೂಗು ಬಲು ಚುರುಕು. ಆದುದರಿಂದ ಗಾಳಿಗೆ ಎದುರಾಗಿಯೇ ನಡೆಯಬೇಕು. ಗುರಿಯ ಹಿಂದೆ ಏನಿದೆಯೆಂದು ಕಾಣದೆ ಗುಂಡು ಹಾರಿಸಕೂಡದು. ಗಾಯಗೊಂಡ ಹಂದಿಯ ಬೆನ್ನುಹತ್ತಿ ಒಬ್ಬನೇ ಪೊದೆಯನ್ನು ಹೊಗಲಾಗದು. ಕೊಯ್ಯುವಾಗ ರಬ್ಬರಿನ ಕೈಗವಸು ಅವಶ್ಯ. ರಕ್ತದ ಮೂಲಕ ಬ್ರುಸೆಲ್ಲೋಸಿಸ್ ಎಂಬ ಜ್ವರವು ಮನುಷ್ಯನಿಗೂ ಅಂಟುವುದುಂಟು. ಮಾಂಸದ ಒಳಭಾಗಕ್ಕೂ 71 ಡಿಗ್ರಿ ಸೆಂಟಿಗ್ರೇಡ್ ಶಾಖ ತಗಲುವಂತೆ ಬೇಯಿಸಬೇಕು.

ಬೇಟೆಗಾರನು ಬರಿಗೈಯಲ್ಲಿ ಮರಳಿದರೆ ಮನೆಯವರಿಗೆ ನಷ್ಟವೇನೂ ಇಲ್ಲ; ಕ್ಷೇಮವಾಗಿ ಮರಳಿದರೆ ಸಾಕು.